ಅಳಿಯಂದಿರು ಕೂಡಿಸಿದ ಸುಳ್ಳು ಕಟಿಗಿ

ಇಲ್ಲೆ ಬೆಂಕಿ ಉರಿತೈತಿ, ಕಟಿಗಿ ಸುಡಂಗಿಲ್ಲ. ಗ್ವಾಡಿಯೊಳಗ ಒಂದು ಗೂಡು, ಆ ಗೂಡಿನಾಗ ಮೂರು ಕೊರಡು ಒಂದರ ಮ್ಯಾಲೊಂದು ಒಟ್ಯಾರ. ತೊಗಟಿ, ಗಂಟು, ಸೀಳು, ಎಲ್ಲಾ ಅದಾವ. ಸುತ್ತ ಹಳದಿ ಉರಿ. ಸಂಜಿಯೆಲ್ಲಾ ಉರದ್ರೂ ಒಂದು ಚಿಟಿಕಿ ಬೂದಿ ಬೀಳಂಗಿಲ್ಲ. ಕೆನಡಾ ದೇಶಕ್ಕ ಬಂದ ಮೊದಲನೇ ಸಂಜಿ ನಾ ಅದರ ಮುಂದ ಕುಂತಿದ್ದೆ. ಒಂದು ಕೊರಡು ಹೊರಗ ಸರದಂಗ ಕಾಣ್ತು. ಇಕ್ಕಳ ತಗೊಂಡು ಒಳಗ ನೂಕಾಕ ಹೋದೆ. ಮಗಳ ಗಂಡ, ನಮ್ಮ ಅಳಿಯಂದಿರು, ಖುರ್ಚಿ ಬಿಟ್ಟು ಹಾರಿ ಬಂದ್ರು.

"ಸುಮಂಗಲಾ, ನಿಮ್ಮವ್ವಗ ಹೇಳು, ಅದನ್ನ ಮುಟ್ಟಬಾರದು. ಅದು ಮಣ್ಣಿನ ಕಟಿಗಿ. ಕೆಳಗ ಗ್ಯಾಸ್ ಐತಿ."

ನಾನೂ ಮಗಳಿಗೇ ಹೇಳಿದೆ: "ಗ್ಯಾಸ್ ಇದ್ರ ಗ್ಯಾಸ್ ಅಂತ ಇರಲಿ. ಅದಕ್ಕ ಕಟಿಗಿ ವೇಷ ಯಾಕವಾ?"

"ಚೆಂದ ಕಾಣತೈತಿ ಅಂತ ಬೇ ಯವ್ವಾ."

ನನಗ ಸಿಟ್ಟು ಬಂದಿದ್ದು ಅವತ್ತಿನಿಂದ. ನಮ್ಮೂರು ಪಾಮನಕಲ್ಲೂರಿನ ಬೀಳು ಹೊಲದಾಗ ಬಳ್ಳಾರಿ ಜಾಲಿ ಕಡದು, ಹೊರಿ ಕಟ್ಟಿ, ತಲಿಮ್ಯಾಲ ಹೊತ್ತು ತಂದಾಕಿ ನಾ. ಹಸಿ ಕಟಿಗಿ ಊದಿ ಊದಿ ನಮ್ಮತ್ತಿ ಕಣ್ಣು ಕಳಕೊಂಡ್ಲು. ಮನಿಗೆ ಸಿಲಿಂಡರ್ ಬಂದ ದಿನ ನಾವು ಒಲಿ ಒಡದು ತಿಪ್ಪಿಗೆ ಹಾಕಿದಿವಿ, ಪೀಡಾ ಹೋತು ಅಂದಿವಿ. ಇಲ್ಲಿ ಮಂದಿ ರೊಕ್ಕ ಕೊಟ್ಟು ಆ ಪೀಡಾದ ಗೊಂಬಿ ಮಾಡಿಸಿ, ಮುಂದ ಕುಂತು ನೋಡತಾರ.

ನಾ ಮೂರನೇತ್ತ ಓದಿದಾಕಿ. ಒಪ್ಪ ಮಾಡಿ ಬರಿಯಾಕ ಬರಂಗಿಲ್ಲ, ಊರ ಕಡೆಯ ನಿಮಗೆಲ್ಲಾ ಆದದ್ದು ಆದಂಗ ಬರಿತೀನಿ. ಮಗಳು ಸುಮಂಗಲಾ ಇಲ್ಲೆ ದವಾಖಾನ್ಯಾಗ ನರ್ಸ್ ಅದಾಳ. ಅಕಿ ಗಂಡ ವೀರೇಶ, ಲಿಂಗಸುಗೂರಿನವರು. ಅವರಪ್ಪಂದು ಅಲ್ಲಿ ಬಜಾರದಾಗ ಸ್ಟವ್ ರಿಪೇರಿ ಅಂಗಡಿ. ಇಲ್ಲಿ ಅಳಿಯಂದಿರು ಒಂದು ದೊಡ್ಡ ಗೋದಾಮಿನ್ಯಾಗ ಮಾಲು ಎತ್ತಿ ಇಡಿಸೋ ಕೆಲಸ ಮಾಡತಾರ. ಕೂಸು ಹುಟ್ಟಿತು, ಗೌರಿ ಅಂತ ಹೆಸರಿಟ್ರು. ಮಗಳು ಮತ್ತ ಕೆಲಸಕ್ಕ ಹೋಗಬೇಕು, ಕೂಸಿನ ನೋಡಾಕ ಮಂದಿ ಬೇಕು. ಅದಕ್ಕ ನಾ ಬಂದೆ. ದೇಶ ನೋಡಾಕ ಬಂದಾಕಿ ಅಲ್ಲ.

ಮಗಳ ಪಾಳಿ ಮಧ್ಯಾಹ್ನದಿಂದ. ಅಳಿಯಂದಿರು ಸಂಜಿಗೆ ಮನಿಗೆ ಬರತಾರ. ಅಂದ್ರ ಸಂಜಿಯೆಲ್ಲಾ ಮನ್ಯಾಗ ನಾನು, ಅಳಿಯಂದಿರು, ಕೂಸು. ನಮ್ಮ ಕಡೆ ಅತ್ತಿ ಅಳಿಯನ ಜೋಡಿ ಎದುರಾಎದುರು ಮಾತಾಡೋ ಪದ್ಧತಿ ಇಲ್ಲ, ನಿಮಗ ಗೊತ್ತಿದ್ದದ್ದ. ತಲಿಮ್ಯಾಲ ಸೆರಗು ಹೊದ್ದು, ಕೂಸಿಗೆ ಹೇಳಿದಂಗ ಹೇಳೋದು. "ಗೌರವ್ವಾ, ನಿಮ್ಮಪ್ಪಗ ಚಾ ಮಾಡ್ಲೇನು ಕೇಳವಾ." ಅವರೂ ಹಂಗ: "ಗೌರಿ, ಅಜ್ಜಿಗೆ ಹೇಳು, ಈಗ ಬ್ಯಾಡಂತ." ಆ ಕೂಸಿಗೆ ಆಗಿನ್ನಾ ಹಲ್ಲು ಬಂದಿರಲಿಲ್ಲ, ಇಬ್ಬರ ತಕರಾರೂ ಅದರ ಕಿವಿಗೆ.

ಇಲ್ಲಿ ಮನಿ ಡಬ್ಬಿ ಇದ್ದಂಗ. ಚಳಿಗಾಲಕ್ಕ ಕಿಟಕಿ ತೆಗಿಯಂಗಿಲ್ಲ, ಬಾಗಿಲಿಗೆ ಇನ್ನೊಂದು ಬಾಗಿಲು. ಹೊರಗ ಸ್ನೋ ಬೀಳತೈತಿ, ಜರಡಿಯೊಳಗಿಂದ ಹಿಟ್ಟು ಉದುರಿದಂಗ, ನೋಡಾಕ ಮಲ್ಲಿಗಿ, ಮುಟ್ಟಿದ್ರ ಚೇಳು. ಚಾ ಹೊತ್ತಿಗೆ ಕತ್ತಲಾಗತೈತಿ. ನಮ್ಮ ಮಾಳಿಗಿ ಮನ್ಯಾಗ ಬಾಗಿಲು ಹಾಕಿದ್ದು ನಾ ಕಂಡಿಲ್ಲ. ನೆತ್ತಿಮ್ಯಾಲ ಗವಾಕ್ಷಿ ಇರತಿತ್ತು, ಹೊಗಿ ಹೋಗಾಕ, ಬೆಳಕು ಬರಾಕ. ಮಳಿ ಬಂದಾಗ ಅದರ ಮ್ಯಾಲ ಹಳೇ ಬೋಗುಣಿ ಬೋರಲು ಹಾಕತಿದ್ವಿ. ಹಾಕಿದ ಗಳಿಗ್ಯಾಗ ಕಣ್ಣು ಉರಿತಿದ್ವು.

ಇಲ್ಲಿ ಒಗ್ಗರಣಿ ಹಾಕಿದ್ರ ಮನಿ ಚೀರತೈತಿ. ಖರೇ. ಮಾಳಿಗಿಗೆ ಒಂದು ಬಿಳಿ ತಟ್ಟಿ ಹಚ್ಚಿರತಾರ, ಬೆಂಕಿ ಹೊಗಿ, ಕೆಟ್ಟ ಗಾಳಿ ಏನ ಇದ್ರೂ ಕೂಗಾಕ. ಅದಕ್ಕ ನಮ್ಮ ಒಣಮೆಣಸಿನಕಾಯಿ ಒಗ್ಗರಣಿನೂ ಬೆಂಕಿನ. ಸಾರು ಕುದಿಸಿದ್ರ ಕುಂಯೋ, ರೊಟ್ಟಿ ಸುಟ್ರ ಕುಂಯೋ, ಕೂಸು ಬೆಚ್ಚಿ ಏಳೋದು. ನಾ ಅಂದೆ, "ಗೌರವ್ವಾ, ಆ ತಟ್ಟಿ ಬಾಯಿ ಮುಚ್ಚಸ್ರಿ ಅನ್ನು." ಅಳಿಯಂದಿರು ಸ್ಟೂಲ್ ಹತ್ತಿ ಅದನ್ನ ಬಿಚ್ಚಿ ಖಾನೆದಾಗ ಇಟ್ರು. ಮಗಳು ಮಾಳಿಗಿ ಕಡೆ ನೋಡ್ಲೇ ಇಲ್ಲ. ನಾವು ಹೊಟ್ಟಿ ತುಂಬ ಒಗ್ಗರಣಿ ಉಂಡಿವಿ.

ಬೆಂಕಿ ಗೂಡಿಗೆ ಮ್ಯಾಲ ಹೊಗಿ ಗೂಡು ಐತಿ, ನಮ್ಮ ಗವಾಕ್ಷಿ ಇದ್ದಂಗ, ಇಟ್ಟಂಗಿಯಿಂದ ಕಟ್ಟಿದ್ದು. ಅದರ ಕುತ್ತಿಗ್ಯಾಗ ಒಂದು ಕಬ್ಬಿಣದ ಮುಚ್ಚಳ. ಡ್ಯಾಂಪರ್ ಅಂತಾರ. ಸಳಿ ಎಳದ್ರ ತೆರಿತೈತಿ, ದೂಡಿದ್ರ ಮುಚ್ಚತೈತಿ. ಮೊದಲು ಈ ಮನ್ಯಾಗ ಖರೇ ಕಟಿಗಿ ಉರಿಸತಿದ್ರಂತ. ಅಳಿಯಂದಿರು ಯಾರೋ ಬಿಟ್ಟ ಗ್ಯಾಸ್ ಕಟಿಗಿ ಸೆಟ್ ತಂದು ತಾವೇ ಕೂಡಿಸಿದ್ರು. ಇಲ್ಲಿ ಕಾಯ್ದೆ ಪ್ರಕಾರ ಪರವಾನಿಗಿ ಇದ್ದವರ ಗ್ಯಾಸ್ ಕೆಲಸ ಮಾಡಬೇಕು. ಮಗಳು ಹೇಳಿದ್ಲು. ಅವರು ಏನಂದ್ರು?

"ನಾ ಸ್ಟವ್ ರಿಪೇರಿ ಅಂಗಡ್ಯಾಗ ಹುಟ್ಟಿದವ ಲೇ. ಗ್ಯಾಸಿನ ಕೆಲಸ ನನಗ ಹೇಳಿಕೊಡ್ತಿಯೇನು?"

ಹೊರಗ ಚಳಿ ಹೆಚ್ಚಾತು. ಹೊಗಿ ಗೂಡಿನಿಂದ ತಣ್ಣನ ಗಾಳಿ ಕೆಳಗ ಇಳಿಯಾಕ ಹತ್ತಿತು. ಅಳಿಯಂದಿರು ಉರಿ ಇದ್ದಾಗ್ಲೇ ಮುಚ್ಚಳ ದೂಡಿಬಿಟ್ರು. "ಗೌರಿ, ಅಜ್ಜಿಗೆ ಹೇಳು, ಕಾಯಿಸಿದ್ದೆಲ್ಲಾ ಆಕಾಶಕ್ಕ ಹೊಂಟಿತ್ತು, ಇನ್ನ ಮನ್ಯಾಗ ಉಳಿತೈತಿ." ಮನಿ ಬೆಚ್ಚಗಾತು, ಖರೇ. ಕಣ್ಣು ಉರಿಲಿಲ್ಲ, ಹೊಗಿ ಕಾಣಲಿಲ್ಲ, ಗ್ಯಾಸ್ ಸೋರಿದ ವಾಸನಿನೂ ಇಲ್ಲ. ಇಷ್ಟು ವರ್ಷ ಒಲಿ ಮುಂದ ಕುಂತಾಕಿಗೆ ಏನೂ ತಿಳಿಲಿಲ್ಲ.

ಆಮ್ಯಾಲ ನನಗ ತಲಿನೋವು ಹತ್ತಿತು. ಸಂಜಿ ಆದ್ರ ತಲಿ ಹಗ್ಗದಿಂದ ಬಿಗದಂಗ, ಹೊಟ್ಟಿ ತೊಳಿಸಿದಂಗ, ಕಾಲಾಗ ಹತ್ತಿ ತುಂಬಿದಂಗ. ಕುಂತಲ್ಲೇ ತೂಕಡಿಕಿ. ಮಗಳು ಬಿಪಿ ನೋಡಿದ್ಲು, ಬರೋಬರಿ ಐತಿ ಅಂದ್ಲು. ನಂತರ ನನ್ನ ಕೈ ಹಿಡಕೊಂಡು ಮೆಲ್ಲಕ ಕೇಳಿದ್ಲು, "ಯವ್ವಾ, ಊರು ನೆನಪಾಗತೈತೇನು ಬೇ?"

"ಇಲ್ಲ. ತಲಿ ನೋಯತೈತಿ."

"ಹಂಗಲ್ಲ ಬೇ. ಮನಸಿಗೆ ಬ್ಯಾಸರಾದ್ರ ಮೈಯಾಗ ಹಿಂಗ ಬರತೈತಿ."

ಗೊರೇಬಾಳದಾಗಿರೋ ನನ್ನ ತಂಗಿಗೂ ಫೋನ್ ಹಚ್ಚಿ ಹೇಳ್ಯಾಳ. ಅಕಿ ನೀರಾವರಿ ನೆಲದಾಗ ಕುಂತು ನನಗ ಬುದ್ಧಿ ಹೇಳಿದ್ಲು: "ಅಕ್ಕಾ, ನಿನಗ ಅಲ್ಲಿ ಮನಸು ಹತ್ತಿಲ್ಲ. ಬಾಯಿ ಬಿಟ್ಟು ಅತ್ತುಬಿಡು, ಹಗುರಾಗತೈತಿ." ಯಾಕ ಅಳಲಿ? ಗಂಡನ್ನ ಮಣ್ಣು ಮಾಡಿ ಬಂದ ವಾರದಾಗ ತೊಗರಿ ಕೊಯ್ಯಾಕ ಹೋದಾಕಿ ನಾ. ಅಳೋದಿದ್ರ ಆಗ ಅಳತಿದ್ದೆ.

ಡಾಕ್ಟರ್ ಕಡೆ ಕರಕೊಂಡು ಹೋದ್ರು. ಕನ್ನಡ ಬರೋರು ಸಿಗಲಿಲ್ಲ, ಡಾಕ್ಟರ್ ಮಾತನ್ನ ಫೋನಿನ್ಯಾಗ ಒಬ್ಬಾಕಿ ಹಿಂದ್ಯಾಗ ಕೇಳಿದ್ಲು. ಮಗಳಿಗೆ ಒಳಗ ಬರಬ್ಯಾಡ ಅಂದಿದ್ರು, ಮುದುಕಿ ಮನಸು ಬಿಚ್ಚಿ ಹೇಳಲಿ ಅಂತ. ಮಸ್ಕಿ ಸಂತ್ಯಾಗ ಬಳಿಗಾರರ ಕಡೆ ಕಲ್ತ ಹಿಂದಿ ನಂದು. "ಅಕೇಲಾ ಲಗತಾ ಹೈ?" ಅಂದ್ಲು. ಒಬ್ಬಾಕಿನ ಬಂದಿಯೇನು ಅಂತ ಕೇಳಿರಬೇಕು ಅಂತ ನಾ ಹೌದು ಅಂದೆ, ಮಗಳು ಹೊರಗ ಕುಂತಿದ್ಲಲ್ಲ. ಅಕಿ ಕೇಳಿದ್ದು ಒಂಟಿ ಅನ್ನಿಸತೈತೇನು ಅಂತ. ಡಾಕ್ಟರ್ ತಲಿ ಅಳ್ಳಾಡಿಸಿ ಮನಸಿನ ಗುಳಿಗಿ ಬರದ. ಒಬ್ಬಂಟಿತನ ಅಂತ ಹೆಸರಿಟ್ಟು ನನ್ನ ಕೈಯಾಗ ಕೊಟ್ಟು ಕಳಿಸಿದ್ರು.

ನಾ ಮಗಳಿಗೆ ತಿಳಿಯೋಹಂಗ ಹೇಳಿದೆ: ಮುಂಜಾನಿ ನನಗೇನೂ ಇರಂಗಿಲ್ಲ, ಹೊರಗ ಅಂಗಡಿಗೆ ಹೋಗಿ ಬಂದ್ರ ತಲಿ ಹಗುರಿರತೈತಿ, ಸಂಜಿಗೆ ಮನ್ಯಾಗ ಕುಂತಾಗ ಬರತೈತಿ. ಅಕಿ ಕಣ್ಣಾಗ ನೀರು ತಂದು, "ಸಂಜಿಗೇ ಊರ ನೆನಪು ಹೆಚ್ಚು ಬರೋದು ಬೇ" ಅಂದ್ಲು. ಇಂಥಾ ಓದಿದವರಿಗೆ ಏನಂತ ಹೇಳ್ತೀರಿ?

ಕಡಿಗೆ ಗಂಡಹೆಂಡತಿ ನನ್ನ ವಾಪಸ್ ಕಳಿಸಾಕ ನಿಶ್ಚಯ ಮಾಡಿದ್ರು. ವಿಮಾನದ ಟಿಕೆಟ್ ನೋಡಾಕತ್ತಿದ್ರು. ಕೂಸಿನ ಗತಿ? ಮಗಳು ಕೆಲಸ ಬಿಡತಾಳಂತ. ಓದಾಕ ಮಸ್ಕಿಯಿಂದ ರಾಯಚೂರಿಗೆ ಬಸ್ಸಿನ್ಯಾಗ ನಿಂತು ಹೋಗಿ ಬಂದಾಕಿ, ಆ ಕೆಲಸಕ್ಕ ಎಷ್ಟು ಪರೀಕ್ಷಾ ಬರದಾಳ, ಅದನ್ನ ನನ್ನ ತಲಿನೋವಿನ ಸಲುವಾಗಿ ಬಿಡಬೇಕು. ನಾ ಊರಿಗೆ ಹೋದ್ರ ಮಂದಿ ಏನಂತಾರ, ಪರದೇಶದಾಗ ತಾಳಲಿಲ್ಲ ಮುದುಕಿ ಅಂತಾರ. ಅದು ನನಗ ಬ್ಯಾಡ. ಮಗಳ ಕೆಲಸ ಹೋಗೋದು ಅದಕ್ಕಿಂತ ಬ್ಯಾಡ.

ಅವತ್ತು ಒಂದು ಸಂಜಿ. ಮಗಳು ಪಾಳಿಗೆ ಹೋಗಿದ್ಲು. ಕೂಸನ್ನ ಬೆಂಕಿ ಮುಂದ ಕೌದಿ ಹಾಸಿ ಮಲಗಿಸಿದ್ದೆ. ಕುಡದ ಹಾಲು ಕಕ್ಕಿತು. ಎತ್ತಿಕೊಂಡೆ, ಕುತ್ತಿಗಿ ಜೋಲಿ ಹೊಡಿತು. ಚಿವುಟಿದೆ, ಅಳಲಿಲ್ಲ. ಅಳಿಯಂದಿರ ಕಡೆ ನೋಡಿದೆ, ಖುರ್ಚ್ಯಾಗ ಬಾಯಿ ತೆರದು ಕುಂತಾರ, ಮುಖ ಕೆಂಪಗಾಗೈತಿ. "ಗೌರಿ... ಅಜ್ಜಿಗೆ ಹೇಳು... ನನಗೂ ತಲಿ ಭಾಳ ನೋಯಾಕತ್ತೈತಿ, ದಣಿವು" ಅಂದ್ರು.

ಸೆರಗು ಎತ್ತ ಬಿತ್ತೋ ಗೊತ್ತಿಲ್ಲ. ಹುಟ್ಟಿದಾಗಿನಿಂದ ಯಾವ ಬೀಗರ ಗಂಡಸಿಗೂ ಎದುರು ನಿಂತು ಮಾತಾಡಿದಾಕಿ ಅಲ್ಲ ನಾ.

"ಏ ವೀರೇಶಾ! ಏಳಲೇ! ನನಗ ಊರ ನೆನಪು ಅಂದ್ರಿ. ನಿನಗ ದಣಿವು ಅಂತಿ. ಈ ಕೂಸಿಗೆ ಯಾವ ಊರ ನೆನಪೋ? ಇದು ಹುಟ್ಟಿದ್ದ ಈ ಊರಾಗ!"

ಅವರು ನನ್ನ ಮುಖ ನೋಡಿದ್ರು. ಆಮ್ಯಾಲ ತಾವೇ ದೂಡಿದ ಮುಚ್ಚಳದ ಕಡೆ ನೋಡಿದ್ರು. ಇನ್ನ ತಡ ಮಾಡಲಿಲ್ಲ. ಗ್ಯಾಸ್ ಬಂದ್ ಮಾಡಿ, ತೂರಾಡಿಕೋತ ಎರಡೂ ಬಾಗಿಲು ತೆರದ್ರು. ಕೌದಿ ಸುತ್ತಿದ ಕೂಸು ಹಿಡಕೊಂಡು ನಾ ಬರಿಗಾಲಿಲೆ ಸ್ನೋದಾಗ ನಿಂತೆ. ಮಗಳಿಗೆ ಫೋನ್ ಹಚ್ಚಿದ್ರು. ಅಕಿ ಅರ್ಧ ಮಾತಿಗೇ ಚೀರಿದ್ಲು, "ಒಳಗ ಹೋಗಬ್ಯಾಡ್ರಿ! ಯಾರೂ ಒಳಗ ಹೋಗಬ್ಯಾಡ್ರಿ!" ತಣ್ಣನ ಗಾಳಿ ಮುಖಕ್ಕ ಹೊಡದು ಕೂಸು ಒಮ್ಮೆ ಬಿಕ್ಕಿ, ಆಮ್ಯಾಲ ಓಣಿ ಎದ್ದು ಕೂಡೋಹಂಗ ಅಳಾಕ ಹತ್ತಿತು. ಅಳು ಅಳು ನನ್ನವ್ವಾ ಅಂದೆ.

ಮಗಳು ಕರಿಸಿದ ಬೆಂಕಿ ಆರಿಸೋರ ಗಾಡಿ ಬಂತು. ಕೈಯಾಗ ಒಂದು ಯಂತ್ರ ಹಿಡದು ಒಳಗ ಹೋದವರು ಅವಸರಲೆ ಹೊರಗ ಬಂದ್ರು. ಮೂವರನ್ನೂ ದವಾಖಾನಿಗೆ ಒಯ್ದು ಮೂಗಿಗೆ ಆಕ್ಸಿಜನ್ ಹಚ್ಚಿದ್ರು. ಗ್ಯಾಸ್ ಸರಿ ಉರೀಲಾರದ, ಹೋಗಾಕ ದಾರಿ ಇಲ್ಲದ ಕೆಟ್ಟ ಗಾಳಿ ಮನ್ಯಾಗ ತುಂಬಿತ್ತಂತ. ಕಾರ್ಬನ್ ಮೊನಾಕ್ಸೈಡ್. ಬಣ್ಣಿಲ್ಲ, ವಾಸನಿಲ್ಲ. ಮೂರೂ ಮಂದಿ ಉಳದಿವಿ. ಮಗಳು ಮಂಚದ ಕಾಲಾಗ ಕುಂತು, "ನಾ ನರ್ಸ್ ಆಗಿ ನನಗ ತಿಳಿಲಿಲ್ಲಲ್ಲ ಬೇ" ಅಂತ ಅತ್ಲು. "ಸಂಜಿಗೆ ನೀ ಮನ್ಯಾಗ ಎಲ್ಲಿರತಿದ್ದಿ? ಆದ್ರ ನಾ ಹೇಳಿದ್ದು ಕೇಳಬೇಕಿತ್ತು" ಅಂದೆ. ಎರಡೂ ಖರೇ.

ಕಾಯ್ದೆ ಪ್ರಕಾರ ಗ್ಯಾಸ್ ಕೆಲಸ ಮಾಡೋನು ಬಂದ. ಆಳು ಎತ್ತರ, ಬಾಯಿ ಅದಕ್ಕಿಂತ ಎತ್ತರ. ಅಳಿಯಂದಿರು ಕೂಡಿಸಿದ್ದನ್ನ ಒಂದೊಂದ ಬಿಚ್ಚಿ ನೆಲಕ್ಕ ಒಗದ. ಹೊಗಿ ಗೂಡು ಜಾಡಿಸಿದ, ಹಕ್ಕಿ ಗೂಡು ಬಿತ್ತು. ಪೈಪಿನ ಬೆಸಿಗಿಗೆಲ್ಲಾ ಸಾಬೂನು ನೊರಿ ಹಚ್ಚಿ ಗುಳ್ಳಿ ಬರತೈತೇನು ನೋಡಿದ. ಮುಚ್ಚಳ ಯಾವಾಗ್ಲೂ ಪೂರಾ ಮುಚ್ಚದಂಗ ಅದರ ಬಾಯಿಗೆ ಕಬ್ಬಿಣದ ಹಿಡಿಕಿ ಕಚ್ಚಿಸಿದ. ಸುಳ್ಳು ಕಟಿಗಿನೂ ಹೆಂಗ ಬೇಕೋ ಹಂಗ ಒಟ್ಟಂಗಿಲ್ಲಂತ, ಒಂದೊಂದಕ್ಕ ಒಂದೊಂದು ಜಾಗ. ಉರಿಗೆ ಅಡ್ಡ ಬಂದ್ರ ಮಸಿ ಹಿಡದು ಮತ್ತ ಅದ ಕೆಟ್ಟ ಗಾಳಿ. ಬಿಳಿ ತಟ್ಟಿ ಖಾನೆದಾಗ ಕಂಡು ಅಂವ ಬೈದಿದ್ದು ನನಗ ಭಾಷಾ ಬರದಿದ್ರೂ ತಿಳಿತು. ಈಗ ಬ್ಯಾರೆ ಬ್ಯಾರೆ ಎರಡು ಹಚ್ಚ್ಯಾರ: ಹೊಗಿದು ಅಡಿಗಿ ಒಲಿಯಿಂದ ದೂರ, ಕೆಟ್ಟ ಗಾಳಿದು ಮಲಗೋ ಕೋಣಿ ಕಡೆ. ಒಗ್ಗರಣಿಗೆ ಚೀರಂಗಿಲ್ಲ. ಇಷ್ಟು ಸಣ್ಣ ಕೆಲಸ ಮೊದಲ ಮಾಡಾಕ ಏನಾಗಿತ್ತು ಇವರಿಗೆ?

ಓದಿ ನಗಬ್ಯಾಡ್ರಿ. ಸಿಂಧನೂರಾಗ, ಮಸ್ಕ್ಯಾಗ ಹೊಸಾ ಮನಿ ಕಟ್ಟಿಸಿದವರು ಬಚ್ಚಲದಾಗ ಗ್ಯಾಸ್ ಗೀಜರ್ ಕೂಡಿಸಿ, ಚಳಿ ಬರತೈತಿ ಅಂತ ಕಿಟಕಿಗೆ ರಟ್ಟು ಬಡದೀರಿ. ನಾ ಕಣ್ಣಾರೆ ನೋಡೀನಿ. ಅದೂ ಇದ ಗಾಳಿನ. ಹೋಗಿ ಮೊದಲು ರಟ್ಟು ಕಿತ್ತು ಒಗೀರಿ. ಗೀಜರ್ ಬಚ್ಚಲದ ಹೊರಗ ಹಾಕಸ್ರಿ. ಕೂಸು ಮಿಂದು ಬಂದು ಸುಸ್ತಾತು ಅಂದ್ರ ದೃಷ್ಟಿ ತೆಗಿಯೋದು ಆಮ್ಯಾಲ, ಕಿಟಕಿ ತೆಗಿಯೋದು ಮೊದಲು.

ನನ್ನ ಕಳಿಸೋ ಮಾತು ನಿಂತಿತು. ತಲಿನೋವು ಹೋತು. ಗುಳಿಗಿ ಕಸಕ್ಕ ಒಗದೆ. ಮಗಳು ಕೆಲಸಕ್ಕ ಹೊಂಟಾಳ. ಅಳಿಯಂದಿರಿಗೆ "ಏಳಲೇ" ಅಂದಾಕಿಗೆ ಇನ್ನ ಮತ್ತ ಸೆರಗಿನ ಮರಿಯಾಗ ಹೋಗಿ ಕೂಸಿಗೆ ಹೇಳೋದು ಹೆಂಗ? ಅವರಿಗೂ ಸಾಕಾಗೈತಿ. ಗೋದಾಮಿನಿಂದ ಬಂದವರು ಬೂಟು ಬಿಚ್ಚೋದಕ್ಕೂ ಮೊದಲು ನನ್ನ ಎದುರು ನಿಂತು ಕೇಳತಾರ: "ಅತ್ತಿ, ತಲಿ ಹೆಂಗೈತ್ರೀ?"

"ತಲಿ ಇದ್ದಲ್ಲೇ ಐತಿ. ನೀವು ಚಾ ಕುಡೀರಿ" ಅಂತೀನಿ.

ಒಂದು ಮಾತು ನಿಮಗಷ್ಟ ಬರಿತೀನಿ. ಮೊನ್ನೆ ಊರಾಗ ಹೊಲ ಮಾಡೋ ನನ್ನ ಮಗ ಫೋನಿನ್ಯಾಗ ಜ್ವಾಳ ಹಾಲ್ಗಾಳಾಗ್ಯಾವ ಅಂದ. ಅವತ್ತಿನಿಂದ ಕೂಸಿನ ಬಾಯಿಗೆ ಅಂಬಲಿ ಇಡುವಾಗ ಕೈಯಾಗ ಸೀತನಿ, ಬೆಂಕ್ಯಾಗ ಸುಟ್ಟ ಎಳೀ ತೆನಿ ವಾಸನಿ ಬರತೈತಿ. ಹೊಲದ ಬದುವಿನ್ಯಾಗ ಕುಂತು ಬಿಸಿ ತೆನಿ ತಿಕ್ಕಿದಂಗ ಆಗತೈತಿ. ಹೋಗಬೇಕು ಅನ್ನಿಸತೈತಿ. ಕೂಸು ನನ್ನ ಬೆರಳು ಹಿಡದು ನಿಲ್ಲಾಕ ಕಲಿಯಾಕತ್ತೈತಿ, ಹೆಂಗ ಹೋಗಲಿ ಅನ್ನಿಸತೈತಿ. ಇಲ್ಲದ ರೋಗಕ್ಕ ಇವರೆಲ್ಲಾ ಹೆಸರಿಟ್ಟಿದ್ರು, ಅದು ಈಗ ಖರೇನ ಬಂದೈತಿ. ಯಾರಿಗೂ ಹೇಳಂಗಿಲ್ಲ. ಊರು ನೆನಪಾಗಾಕತ್ತೈತಿ ಅಂತ ಬಾಯಿ ಬಿಟ್ರ ಸಾಕು, ಈ ಚಳ್ಯಾಗ ಅಳಿಯಂದಿರು ಎದ್ದು ಮನಿ ಕಿಟಕಿಯೆಲ್ಲಾ ತೆರಿತಾರ.