ಕಪ್ಪು ಹೊದಿಕೆಯ ಗಂಟು

ಸವೇರಿಯಕ್ಕನಿಗೆ ಒಳ್ಳೆಯ ಸುದ್ದಿ ಕಂಡರೆ ಭಯ. ಯಾರ ಮನೆಯಲ್ಲಾದರೂ ಮದುವೆ ಗೊತ್ತಾಯಿತೆಂದರೆ ಮೊದಲು ಶಿಲುಬೆ ಗುರುತು ಹಾಕಿಕೊಳ್ಳುತ್ತಾಳೆ, ಆಮೇಲೆ ಹುಡುಗ ಹೇಗೆ ಎಂದು ಕೇಳುತ್ತಾಳೆ. ಇಂಥವಳ ಕೈಗೇ ಈಸ್ಟರ್ ಹಬ್ಬದ ಸೂಜಿದಾರ ಸಿಕ್ಕಿರುವುದು ನಮ್ಮೂರಿನ ಹಣೆಬರಹ.

ಹಬ್ಬದ ಬೆಳಿಗ್ಗೆ ಮಾತೆ ಮರಿಯಳ ಪ್ರತಿಮೆ ಕಪ್ಪು ಹೊದ್ದು ಚೌಕದ ಒಂದು ತುದಿಯಲ್ಲಿ ಕಾಯುತ್ತದೆ. ಸತ್ತಿದ್ದ ಮಗ ಎದ್ದು ಬಂದಿದ್ದಾನೆ ಎಂಬ ಸುದ್ದಿ ಹೊತ್ತು ಸಂತ ಯೊವಾನ್ನರ ಪ್ರತಿಮೆ ಓಡಿ ಬರುತ್ತದೆ. ತಾಯಿ ನಂಬುವುದಿಲ್ಲ. ಮೂರನೆಯ ಸಲ ಬಂದಾಗ ನಂಬಿ ಹೊರಡುತ್ತಾಳೆ. ಅವಳನ್ನು ಹೊತ್ತು ನಾವು ಓಡುತ್ತೇವೆ. ಮಗನ ಪ್ರತಿಮೆ ಎದುರಾದಾಗ, ಸವೇರಿಯಕ್ಕ ಗಂಟಿಲ್ಲದೆ ಹಾಕಿದ ಕಚ್ಚಾ ಹೊಲಿಗೆಯ ದಾರವನ್ನು ಹಿಂದಿನಿಂದ ಒಬ್ಬ ಎಳೆಯುತ್ತಾನೆ, ಕಪ್ಪು ಕಳಚಿ ನೀಲಿ ಉಡುಪು ಕಾಣುತ್ತದೆ, ಗಂಟೆಗಳು ಮೊಳಗುತ್ತವೆ. ಕಪ್ಪು ಬೀಳದಿದ್ದರೆ ಆ ವರ್ಷ ಕೇಡು. ಚರ್ಚಿನ ಗುರುಗಳು ಇದನ್ನು ಮೂಢನಂಬಿಕೆ ಎನ್ನುತ್ತಾರೆ, ಆದರೆ ಅದು ಬೀಳುವವರೆಗೆ ಅವರೂ ಉಸಿರು ಬಿಗಿಹಿಡಿದೇ ನಿಂತಿರುತ್ತಾರೆ.

ಒಮ್ಮೆ ಅದು ಸಿಕ್ಕಿಕೊಂಡಿತ್ತು. ಆ ವರ್ಷವೇ ಸವೇರಿಯಕ್ಕನ ಗಂಡ ಆಲಿವ್ ಮರದಿಂದ ಬಿದ್ದು ಸತ್ತ. ಅವಳ ಮುಖಕ್ಕೆ ಯಾರೂ ಏನೂ ಅನ್ನಲಿಲ್ಲ, ಅವಳೇ ತನ್ನನ್ನು ದೂರಿಕೊಂಡಳು. ಅಂದಿನಿಂದ ಹೊದಿಕೆ ಹೊಲಿದು ಕೊಟ್ಟು ಚರ್ಚಿನ ಬಾಗಿಲ ಹಿಂದೆ ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಬಿಟ್ಟುಬಿಡು ಎಂದರೆ, "ಅಮ್ಮ ಮಾಡ್ತಿದ್ದ ಸೇವೆ, ಹೆಂಗೆ ಬಿಡ್ಲೋ" ಎನ್ನುತ್ತಾಳೆ.

ಈ ಸಲ ಅವಳ ಸೊಸೆ ನುಂಜಿಯಾ ತುಂಬು ಬಸುರಿ. ಹಿಂದೆ ಒಂದು ಮಗು ಹೋಗಿತ್ತು. ಸಾಲದ್ದಕ್ಕೆ ಬೆಳಗಿನಿಂದ ಸಮುದ್ರದ ಗಾಳಿ ಬೇರೆ. ಪ್ರತಿಮೆ ಹೆಗಲಿಗೇರಿಸಿ ನಿಂತಿದ್ದಾಗ ಸವೇರಿಯಕ್ಕ ಬಂದು ನನ್ನ ತೋಳು ಹಿಡಿದಳು.

"ಬ್ರೂನೊ, ಕೆಟ್ಟೆ ಕಣೋ. ಗಾಳಿಗೆ ಮೊದಲೇ ಹಾರಿಹೋದ್ರೆ ಅಂತ ಕೊನೇಲಿ ಒಂದು ಗಂಟು ಹಾಕ್ಬಿಟ್ಟೆ."

"ಕಚ್ಚಾ ಹೊಲಿಗೆಗೆ ಯಾರಾದ್ರೂ ಗಂಟು ಹಾಕ್ತಾರೇನಕ್ಕ?"

"ಬಿಚ್ಚೋಣ ಅಂತ ಓಡಿ ಬಂದೆ. ಅಷ್ಟರಲ್ಲಿ ಎತ್ತಿಬಿಟ್ರಿ."

ಯೊವಾನ್ನರು ಆಗಲೇ ಮೂರನೆಯ ಸಲ ಬರುತ್ತಿದ್ದರು. "ದಾರ ಎಳೆಯೋನು ಗಟ್ಟಿಗ. ಕಿತ್ಕೊಂಡು ಬರುತ್ತೆ, ಹೋಗು" ಎಂದೆ. ನನ್ನ ಮಾತಿನಲ್ಲಿ ನನಗೇ ನಂಬಿಕೆ ಇರಲಿಲ್ಲ. ನಾನು ಬ್ರೆಡ್ಡು ಸುಡುವವನು, ದಿನವೂ ಒಲೆಯ ಮುಂದೆ ಬೇಯುವವನು. ಅಂಥ ನನಗೂ ಆ ಗಾಳಿಯಲ್ಲಿ ನಡುಕ ಬಂತು.

ಓಡಿದೆವು. ಮಗ ಎದುರಾದ. ಹಿಂದಿನವನು ದಾರ ಎಳೆದ. ಹೊದಿಕೆ ಮಾತೆಯ ಹೆಗಲಿನಿಂದ ಜಾರಿತು, ಬೆನ್ನ ಕೆಳಗೆ ನಿಂತುಬಿಟ್ಟಿತು. ಮತ್ತೆ ಎಳೆದ. ಬರಲಿಲ್ಲ.

"ಬಗ್ಗೋ, ಬ್ರೂನೊ."

ಸವೇರಿಯಕ್ಕ ಜನರನ್ನು ನೂಕಿಕೊಂಡು ಬಂದಿದ್ದಳು. ನಾವು ಮೊಣಕಾಲು ಮಡಿಸಿದೆವು. ಅವಳು ಗಂಟಿಗೆ ಬಾಯಿ ಹಾಕಿ ಹಲ್ಲಿನಿಂದ ಕಡಿದಳು. ಹೊದಿಕೆ ಪೂರ್ತಿ ಕಳಚಿತು, ನೇರ ಅವಳ ತಲೆಯ ಮೇಲೆಯೇ ಬಿತ್ತು. ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡು ಅವಳು ಅಲ್ಲೇ ಕುಸಿದಳು. ಗಂಟೆ ಹೊಡೆಯಬೇಕಾದ ಗೋಪುರದವನು ಹಗ್ಗ ಹಿಡಿದು ಎಳೆಯದೇ ನಿಂತ.

"ಅಯ್ಯೋ, ಅವಳ ಮೇಲೇ ಬಿತ್ತಲ್ಲ" ಎಂದಿತು ಒಂದು ಹೆಣ್ಣುದನಿ.

ನಾನು ಹೊದಿಕೆ ತೆಗೆಯಲು ಹೋದರೆ ಒಳಗಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು. "ನನ್ನ ಮೇಲೇ ಇರ್ಲಿ ಬಿಡೋ. ಮಗು ಮೇಲೆ ಬೀಳೋದು ಬೇಡ."

ನುಂಜಿಯಾ ಹೊಟ್ಟೆ ಹೊತ್ತು ನಿಧಾನಕ್ಕೆ ಬಂದಳು. ಬಗ್ಗಲಾರದೆ ನಿಂತೇ ಹೊದಿಕೆಯ ತುದಿ ಎಳೆದಳು. "ಅತ್ತೆ, ಇದು ಬಟ್ಟೆ. ನೀವೇ ಹೊಲಿದಿದ್ದು." ಎಳೆದದ್ದನ್ನು ಮಡಿಸಿ ಚರ್ಚಿನ ಮೆಟ್ಟಿಲ ಮೇಲೆ ಹಾಸಿ, ಊರೆಲ್ಲ ನೋಡುತ್ತಿದ್ದಂತೆ ಅದರ ಮೇಲೆ ಕೂತಳು. "ಕಾಲು ಸೋತಿದೆ. ಗಂಟೆ ಹೊಡೀಲಿ, ಊಟಕ್ಕೆ ಹೊತ್ತಾಯ್ತು."

ಗಂಟೆ ಮೊಳಗಿತು. ಸವೇರಿಯಕ್ಕ ನೆಲದಲ್ಲಿ ಕೂತೇ ತಲೆಯೆತ್ತಿ ನೋಡಿದಳು. ಗಂಡ ಹೋದ ಮೇಲೆ ಬಿಸಿಲಿನಲ್ಲಿ ಆ ನೀಲಿಯನ್ನು ಅವಳು ನೋಡಿದ್ದು ಅದೇ ಮೊದಲು. ಅತ್ತಳು. ನಾನೂ ಅತ್ತೆ.

ಭಯ ಹೋಯಿತೇ ಎಂದರೆ ಇಲ್ಲ. ಹೆರಿಗೆಯಾಗುವವರೆಗೆ ಸೊಸೆಯ ನೆರಳು ಬಿಡಲಿಲ್ಲ. ಹೆಣ್ಣುಮಗು ಹುಟ್ಟಿತು. ಈಸ್ಟರ್ ಕಾಲ ಮುಗಿಯುವ ಮೊದಲೇ ಚರ್ಚಿನಲ್ಲಿ ಮಗುವಿಗೆ ಜ್ಞಾನಸ್ನಾನ. ಬಿಳಿ ಉಡುಪು ಅಜ್ಜಿಯದೇ ಹೊಲಿಗೆ. ನಾನು ಮಗುವನ್ನು ಎತ್ತಿಕೊಂಡಾಗ ಬೆರಳಿಗೆ ಏನೋ ಒತ್ತಿತು. ಅಂಚು ತಿರುಗಿಸಿ ನೋಡಿದೆ: ಹೊಲಿಗೆ ಹೊಲಿಗೆಗೂ ಗಂಟು.

"ಇದೇನಕ್ಕ, ಮತ್ತೆ ಗಂಟು?"

"ಇದು ಕಳಚಿ ಬೀಳಬಾರ್ದಲ್ಲೋ" ಎಂದು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು.