ಹೊಲದ ಮೂಲೆಯ ಜಾಗ

ಫಾರ್ಮಿನಲ್ಲಿ ಹತ್ತೊಂಬತ್ತನೇ ಪ್ರಶ್ನೆ ಬರುವತನಕ ಎಲ್ಲ ಸಲೀಸಾಗಿ ನಡೆದಿತ್ತು. ಕಲಘಟಗಿಯ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಅಂಗಡಿಯವರು ಕೂತಿದ್ದರು, ಬಾಜು ಸ್ಟೂಲಿನ ಮೇಲೆ ನಾನು. ರಕ್ತದ ಗುಂಪು, ಹಾಕಿಸಿಕೊಂಡ ಲಸಿಕೆ, ಕನ್ನಡಕದ ನಂಬರು, ಕರೆಂಟಿಲ್ಲದ ಊರಿನಲ್ಲಿ ಇರಬಲ್ಲಿರಾ ಎಂಬುದು, ಎಲ್ಲಕ್ಕೂ ನಾನು ಹೇಳಿದೆ, ಅವರು ಒತ್ತಿದರು. ಕರೆಂಟಿನ ಪ್ರಶ್ನೆಗೆ ಇಬ್ಬರೂ ನಕ್ಕೆವು. ಹತ್ತೊಂಬತ್ತಕ್ಕೆ ಬಂದಾಗ ಅವರ ಬೆರಳು ನಿಂತಿತು. ಸೇವೆಯ ಅವಧಿಯಲ್ಲಿ ನಾನು ಸತ್ತರೆ ಅಲ್ಲೇ ಮಣ್ಣು ಮಾಡಬೇಕೋ, ಅಲ್ಲೇ ಸುಡಬೇಕೋ, ಊರಿಗೆ ಕಳಿಸಬೇಕೋ ಎಂದು ಫಾರ್ಮಿನಲ್ಲಿ ಕೇಳಿದ್ದರು. ಊರಿಗೆ ಎಂದರೆ ಯಾವ ಜಾಗದಲ್ಲಿ ಇಡುತ್ತೀರಿ, ಅದಕ್ಕೆ ಒಪ್ಪಿದ ಮನೆಯವರು ಯಾರು, ಅವರ ಸಹಿ.

“ಅಕ್ಕಾರ, ಇದನ್ನ ಬಿಟ್ಟು ಮುಂದ ಹೋಗೂಣು,” ಅಂದರು ಅಂಗಡಿಯವರು. ಒತ್ತಿ ನೋಡಿದರು. ಕೆಂಪು ಅಕ್ಷರ ಬಂತು. “ಸತ್ತ ಮ್ಯಾಲಿಂದು ಹೇಳದ ಮುಂದ ಬಿಡವಲ್ದುರಿ.”

ಸಹಿಯ ಹಾಳೆಯನ್ನು ಪ್ರಿಂಟ್ ತೆಗೆದುಕೊಟ್ಟು, ಸೋಮವಾರದೊಳಗೆ ತುಂಬಿಕೊಂಡು ಬರಲು ಹೇಳಿದರು. ಅದೇ ಕೊನೆಯ ದಿನ. ಅಂದು ಗುರುವಾರ.

ನನಗಾಗ ನಲವತ್ತಾರು. ಮದುವೆಯಾಗಿಲ್ಲ, ಅದರ ಕಥೆ ಬೇಸರದ್ದು, ಇಲ್ಲಿ ಬೇಡ. ಮಿಶ್ರಿಕೋಟಿಯ ನಮ್ಮ ಮನೆಯಿಂದ ದಿನಾ ಬಸ್ಸು ಹತ್ತಿ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿಗೆ ಹೋಗಿಬರುತ್ತ ಇಪ್ಪತ್ತು ವರ್ಷ ಕಳೆದಿದ್ದೆ. ಆಫ್ರಿಕಾದ ಮಲಾವಿಯಲ್ಲಿ ಹಳ್ಳಿಯ ಆಸ್ಪತ್ರೆಯೊಂದಕ್ಕೆ ಹೆರಿಗೆ ಮಾಡಿಸುವವರು ಬೇಕಾಗಿದ್ದಾರೆ, ಎರಡು ವರ್ಷದ ಸೇವೆ ಎಂದು ಗೊತ್ತಾದಾಗ ಅರ್ಜಿ ಹಾಕಿದೆ. ಹುಬ್ಬಳ್ಳಿಯಲ್ಲಿ ನಾನು ಬಿಟ್ಟರೆ ನನ್ನ ಜಾಗಕ್ಕೆ ಸಾಲಾಗಿ ನಿಂತವರಿದ್ದರು, ಅಲ್ಲಿ ಯಾರೂ ಇರಲಿಲ್ಲ. ಇಷ್ಟೇ ಕಾರಣ. ಊರಿನವರು ಮೊದಲು ಫಾರಿನ್ನು ಎಂದು ಹೊಟ್ಟೆಕಿಚ್ಚುಪಟ್ಟರು. ಊಟ, ವಸತಿ ಕೊಡುತ್ತಾರೆ, ಪಗಾರಿಲ್ಲ ಎಂದಮೇಲೆ ಅವರೇ ಮರುಗಿದರು. ಅಪ್ಪ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅಲ್ಲಿಯ ಮಂದಿ ಏನು ಉಣ್ಣುತ್ತಾರೆ ಎಂದು ಕೇಳಿದ. ಗೋವಿನಜೋಳದ ಹಿಟ್ಟಿನ ಮುದ್ದೆ ಎಂದೆ. ನಾವು ಕೋಳಿ ಫಾರ್ಮಿಗೆ ಮಾರುವುದನ್ನು ಅವರು ಉಣ್ಣುತ್ತಾರೆ ಎಂಬುದನ್ನು ಎರಡು ದಿನ ಯೋಚಿಸಿದ.

ಗುರುವಾರ ಸಂಜೆ ಊಟಕ್ಕೆ ಕೂತಾಗ ಹಾಳೆ ತೆಗೆದು ಓದಿ ಹೇಳಿದೆ. ಮನೆಯಲ್ಲಿ ನಾವು ದೊಡ್ಡವರು ನಾಲ್ಕು ಜನ: ಅಪ್ಪ, ಅಣ್ಣ, ಅವನ ಹೆಂಡತಿ ವೈನಿ, ನಾನು. ಅಣ್ಣನ ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿದ್ದಾರೆ.

“ಹೊರಗ ಹೊಂಟಾಗ ಇಂಥಾ ಮಾತು ಆಡಬಾರದುರಿ,” ಅಂದರು ರೊಟ್ಟಿ ಬಡಿಯುತ್ತಿದ್ದ ವೈನಿ.

“ಎಂಥಾ ಮಂದಿ ಇವರು,” ಅಂದ ಅಣ್ಣ.

“ಶಾಣ್ಯಾ ಮಂದಿ. ಮೊದಲ ಕೇಳ್ಯಾರ,” ಅಂದ ಅಪ್ಪ. ರೊಟ್ಟಿ ಮುರಿಯುತ್ತ, “ತರೂದು ಹೆಂಗ?” ಅಂದ.

“ಪೆಟ್ಟಿಗ್ಯಾಗ.”

“ಕುಂದರಿಸಿ?”

“ಮಲಗಿಸಿ.”

ಅಪ್ಪನ ಕೈ ತಾಟಿನಲ್ಲೇ ನಿಂತಿತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತ ಹಾಗೆ ಕೂರಿಸುತ್ತಾರೆ. “ಇಲ್ಲಿ ಬಂದ ಮ್ಯಾಲರ ಕುಂದರಿಸಾಕ ಬರ್ತೈತೇನು?” ಎಂದು ಕೇಳಿದ. ನಾನು ನರ್ಸು, ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ನನ್ನ ಚಟ.

“ಎಂಟ್ಹತ್ತು ದಿನ ಥಂಡ್ಯಾಗ ಇಟ್ಟಿದ್ದು ಬಾಗೂದು ಕಷ್ಟ ಅಪ್ಪಾ.”

ವೈನಿ ಒಲೆ ಆರಿಸಿ ಹೊರಗೆ ಹೋದರು. ಆ ಸಂಜೆ ಎಲ್ಲರಿಗೂ ಒಂದೊಂದು ರೊಟ್ಟಿ ಕಡಿಮೆ ಬಿತ್ತು.

ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಾಗ ಅಣ್ಣ ಬಸ್‌ಸ್ಟ್ಯಾಂಡಿನವರೆಗೂ ಬೈಕಿನಲ್ಲಿ ಬಿಟ್ಟ. ಇಳಿದ ಮೇಲೆ, “ಊರಿಗೆ ಅಂತ ಬರದ್ರ ಜಾಗ ಯಾವದು ಬರೀತಿ?” ಎಂದು ಕೇಳಿದ.

“ನಮ್ಮ ಹೊಲ.”

ಅಣ್ಣ ಬೈಕಿನ ಕನ್ನಡಿ ಒರೆಸಿದ. ನಮ್ಮ ಹೊಲದ ಮೂಲೆಯಲ್ಲಿ ಬೇವಿನಮರದ ಕೆಳಗೆ ಅಜ್ಜ, ಅಮ್ಮ, ಅವ್ವ ಸಾಲಾಗಿ ಇದ್ದಾರೆ. ಅಮ್ಮ ಎಂದರೆ ಅಪ್ಪನ ತಾಯಿ. ಆ ಕಡೆ ಬೇರೆಯವರ ಬದು, ಈ ಕಡೆ ಬೋರ್‌ವೆಲ್ಲಿನ ಪೈಪು. ನಡುವೆ ಅವ್ವನ ಬಾಜು ಉಳಿದದ್ದು ಒಂದೇ ಜಾಗ. ಅವ್ವ ಹೋದಾಗಿನಿಂದ ಅದು ಅಪ್ಪನದು ಎಂದು ಊರಿಗೆಲ್ಲ ಗೊತ್ತು.

“ಅಲ್ಲಿ ಜಾಗಿಲ್ಲ ಬೇ,” ಅಂದ ಅಣ್ಣ. “ಹೊಲದಾಗ ಬ್ಯಾರೆ ಕಡೆ ಕುಣಿ ತಗದ್ರ ಟ್ರ್ಯಾಕ್ಟರ್ ತಿರುಗಂಗಿಲ್ಲ. ಮತ್ತ ಹೆಣ್ಣಮಕ್ಕಳನ್ನ ತವರಮನಿ ಹೊಲದಾಗ ಇಟ್ಟಿದ್ದು ನಾ ಎಲ್ಲೂ ನೋಡಿಲ್ಲ.”

“ನನಗ ಬ್ಯಾರೆ ಮನಿ ಇಲ್ಲಲ್ಲೋ ಅಣ್ಣಾ.”

“ಅದಕ್ಕ ಹೇಳಾಕತ್ತೀನಿ. ಊರ ರುದ್ರಭೂಮಿ ಐತಲ್ಲ, ಅದನ್ನ ಬರಿ. ಚಲೋ ಕಂಪೌಂಡ್ ಕಟ್ಟಿಸ್ಯಾರ.”

ಅಣ್ಣ ಕೆಟ್ಟವನಲ್ಲ. ಟ್ರ್ಯಾಕ್ಟರ್ ತಿರುಗುವುದಿಲ್ಲ ಎಂದರೆ ನಿಜಕ್ಕೂ ತಿರುಗುವುದಿಲ್ಲ ಎಂದೇ ಅರ್ಥ. ಹೊಲ ಅವನ ಹೆಸರಿನಲ್ಲಿದೆ. ಹಕ್ಕು ಬಿಟ್ಟ ಪತ್ರಕ್ಕೆ ನಾನೇ ಸಹಿ ಮಾಡಿದ್ದೆ. ನನಗೆ ನೌಕರಿಯಿತ್ತು, ಅವನಿಗೆ ಮಕ್ಕಳಿದ್ದರು, ಯಾರೂ ಒತ್ತಾಯ ಮಾಡಿರಲಿಲ್ಲ. ಸಹಿ ಮಾಡಿ ಎಲ್ಲರೂ ಖಾನಾವಳಿಯಲ್ಲಿ ಉಂಡು ಬಂದಿದ್ದೆವು. ಅಂದು ಬಿಟ್ಟ ಹಕ್ಕುಗಳಲ್ಲಿ ಇದೂ ಸೇರಿತ್ತು ಎಂದು ನನಗೆ ಹೊಳೆದೇ ಇರಲಿಲ್ಲ.

ಬಸ್ಸಿನಲ್ಲಿ ನನಗೆ ಅಳು ಬಂತು. ಅಣ್ಣನ ಇಬ್ಬರೂ ಮಕ್ಕಳನ್ನು ಮೊದಲು ಕೈಗೆ ತೆಗೆದುಕೊಂಡವಳು ನಾನು, ಅವ್ವನ ಕೊನೆಯ ಎಂಟು ತಿಂಗಳು ಹಾಸಿಗೆ ಬದಲಿಸಿದವಳು ನಾನು, ಈಗ ನನಗೆ ಕಂಪೌಂಡ್ ಚಲೋ ಇದೆಯಂತೆ. ಸಿಟ್ಟೂ ಬಂತು. ಬಾಜು ಕೂತಿದ್ದ ಹೆಣ್ಣುಮಗಳು ಯಾರು ತೀರಿಕೊಂಡರು ಎಂದು ಕೇಳಿದಳು. ಇನ್ನೂ ಯಾರೂ ಇಲ್ಲ ಎಂದೆ. ಅವಳು ಸೀಟು ಬದಲಿಸಿದಳು.

ಶನಿವಾರ ಪೆನ್ಸಿಲಿನಿಂದ ‘ಅಲ್ಲೇ ಮಣ್ಣು ಮಾಡಿ’ ಎಂಬುದಕ್ಕೆ ಗುರುತು ಹಾಕಿದೆ. ಅಲ್ಲಿಯ ಮಣ್ಣೂ ಮಣ್ಣೇ, ಅಲ್ಲಿ ಟ್ರ್ಯಾಕ್ಟರಿನ ತೊಂದರೆಯೂ ಇರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ರವಿವಾರ ಬೆಳಿಗ್ಗೆ ಚಹಾ ಕೊಡುವಾಗ ಅಪ್ಪನಿಗೂ ಹೇಳಿದೆ. ಅಪ್ಪ ಚಹಾ ಪೂರ್ತಿ ಕುಡಿದ. ಬಸಿಯನ್ನು ಕೆಳಗಿಟ್ಟ.

“ಕಾಗದಾ ಪೆನ್ನು ತಗೊ. ಹೊಲಕ್ಕ ಹೋಗೂಣು.”

ಅಪ್ಪನಿಗೆ ಎಂಬತ್ತರ ಹತ್ತಿರ. ಕೋಲು ಊರುತ್ತ ನಡೆದರೆ ಹೊಲ ಮುಕ್ಕಾಲು ತಾಸಿನ ಹಾದಿ. ದಾರಿಯಲ್ಲಿ ಯಾರ ಹೊಲದಲ್ಲಿ ಗೋವಿನಜೋಳ ಸರಿಯಾಗಿ ಎದ್ದಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಮಾತಾಡಲಿಲ್ಲ. ಮೂಲೆಗೆ ಬಂದು, ಅವ್ವನ ಕಲ್ಲಿನ ಬಾಜು ಖಾಲಿ ನೆಲವನ್ನು ಕೋಲಿನಿಂದ ಅಳೆದ. ಮೊದಲು ಅಗಲ, ಆಮೇಲೆ ಉದ್ದ.

“ಮಲಗಿಸಿದ್ರೂ ಹಿಡೀತೈತಿ,” ಅಂದ. “ಕಾಲು ಒಂಚೂರು ನಿಮ್ಮವ್ವನ ಕಡೆ ಹೋಗ್ತಾವು. ಆಕಿ ಏನೂ ಅನ್ನಂಗಿಲ್ಲ.”

“ಅಪ್ಪಾ, ಇದು ನಿಂದು.”

“ಹೊಲ ನಿಮ್ಮಣ್ಣಂದು. ಇದೊಂದು ನನಗ ಬಿಟ್ಟಾನ. ನಂದು ಅಂದ ಮ್ಯಾಲ ಯಾರಿಗೆ ಬೇಕಾದ್ರೂ ಕೊಡ್ತೀನಿ.”

“ಮತ್ತ ನೀ?”

“ನಾ ಊರಾಗಿನ ಮನಷ್ಯಾ, ನನ್ನ ಎಲ್ಲಿಟ್ರೂ ನಡೀತೈತಿ. ನೀ ಅಷ್ಟು ದೂರಿಂದ ಬರಾಕಿ.”

ಅಪ್ಪ ನನ್ನ ಕಡೆ ನೋಡದೆ ಕೈ ಚಾಚಿದ. ಬದುವಿನ ಮೇಲೆ ಕೂತು, ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸಹಿಯ ಸಾಲಿನಲ್ಲಿ ಅಡ್ಡಹೆಸರು ಸಮೇತ ಪೂರ್ತಿ ಹೆಸರು ಬರೆದ. ಪೆನ್ಸಿಲಿನ ಗುರುತನ್ನು ನಾನು ಹೆಬ್ಬೆರಳಿನಿಂದ ತಿಕ್ಕಿ ತೆಗೆದೆ. ಜಾಗ ಎಂಬಲ್ಲಿ ಇಂಗ್ಲಿಷಿನಲ್ಲಿ ‘ತಾಯಿಯ ಪಕ್ಕ’ ಎಂದು ಬರೆದೆ.

ಹೊರಡಬೇಕು ಎನ್ನುವಷ್ಟರಲ್ಲಿ ಅಪ್ಪ ನಿಂತ. “ಒಂದು ತೊಡಕೈತಿ,” ಅಂದ.

“ಏನು?”

“ನೀ ಅಲ್ಲಿದ್ದಾಗ ನಾ ಸತ್ತೆ ಅಂತ ತಿಳಿ. ನಿಮ್ಮಣ್ಣ ನನ್ನ ಇಲ್ಲೇ ತಂದು ಕುಂದರಿಸ್ತಾನ. ಬ್ಯಾಡ ಅನ್ನಾಕ ನಾ ಇರಂಗಿಲ್ಲ. ಜಾಗ ಹೋತು.” ಕೋಲಿನ ತುದಿಗೆ ಹತ್ತಿದ ಮಣ್ಣನ್ನು ಬದುವಿನ ಕಲ್ಲಿಗೆ ತಿಕ್ಕಿದ. “ಅದಕ್ಕ ನೀ ಬರೂತನಾ ಸಾಯಾಕ ಬರಂಗಿಲ್ಲ.”

ಮನೆಗೆ ಬಂದು ಉಂಡ ಮೇಲೆ ಅಪ್ಪ ವೈನಿಯನ್ನು ಕರೆದು, ಬಿ.ಪಿ. ಗುಳಿಗೆ ಎಲ್ಲಿದೆ ಎಂದು ಕೇಳಿದ. ಆರು ವರ್ಷದಿಂದ ನಾನು ಹುಬ್ಬಳ್ಳಿಯಿಂದ ತಂದುಕೊಟ್ಟ ಗುಳಿಗೆಗಳನ್ನು ಅವನು ತನಗಿಂತ ಬಡಕಲಾದವರಿಗೆ ಹಂಚುತ್ತಿದ್ದ. ವೈನಿ ಹುಡುಕಿ ತಂದರು. ನುಂಗಿ, ನೀರು ಕುಡಿದು, ಮತ್ತೆ ಕೈ ಚಾಚಿದ.

“ನಿನ್ನೆ ತಪ್ಪಿಸಿದ್ದೂ ಒಂದು ಕೊಡು.”

“ನಿನ್ನೇದು ಬ್ಯಾಡ ಅಪ್ಪಾ. ನಾಳಿಂದು ತಪ್ಪಿಸಬ್ಯಾಡ,” ಅಂದೆ.

ಅಪ್ಪ ಖಾಲಿಯಾಗುತ್ತ ಬಂದ ಗುಳಿಗೆಯ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಎಣಿಸಿದ.

“ಎರಡ ವರ್ಷದ್ದು ತಂದಿಟ್ಟು ಹೋಗು,” ಅಂದ.