ಹನ್ನೊಂದು ದಿನದ ಶಾಲೆಯ ಕಾವಲುಗಾತಿ

ಹಳೆಯ ಶಾಲೆಯ ಬಾಗಿಲನ್ನು ಯಾರೋ ಮೂರು ಸಲ ತಟ್ಟುತ್ತಾರೆ. ಇನ್ನೂ ಬೆಳಕು ಹರಿದಿಲ್ಲ. ಕಬ್ಬಿಣದ ಒಲೆಯ ಬೂದಿ ತೆಗೆಯುತ್ತಿದ್ದ ವರ್ಡಾ ಮಿಕೆಲ್ಸನ್ ಕೈ ಒರೆಸಿಕೊಂಡು ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಯಾರೂ ಇಲ್ಲ. ಮುಚ್ಚಳ ಬಿಗಿದ ಗಾಜಿನ ಬಾಟಲಿಯೊಂದಿದೆ. ಅದರೊಳಗೆ ಸುರುಳಿ ಸುತ್ತಿದ ಹಳದಿ ಹಾಳೆ.

ವರ್ಡಾ ಅವರಿಗೆ ಎಪ್ಪತ್ತೊಂದು. ಅಮೆರಿಕದ ಯೂಟಾ ರಾಜ್ಯದ ಸ್ಯಾನ್‌ಪೀಟ್ ಕಣಿವೆಯ ಈ ಒಂದೇ ಕೋಣೆಯ ಕಲ್ಲಿನ ಶಾಲೆಯನ್ನು ಇಪ್ಪತ್ತಾರು ವರ್ಷಗಳಿಂದ ಗುಡಿಸಿ, ಒರೆಸಿ, ಒಲೆ ಹಚ್ಚುವವರು ಅವರೇ. ಆಮೇಲೆ ಕಿಟಕಿಯ ಬಳಿ ಕುಳಿತು, ಪರಸ್ಪರ ಬ್ರದರ್, ಸಿಸ್ಟರ್ ಎನ್ನುವ ಮಾರ್ಮನ್ ಕ್ರೈಸ್ತ ಪಂಥದ ಮೊದಲ ತಲೆಮಾರಿನ ಮುಂದಾಳು ಆಲ್ಫಿಯಸ್ ಥಾರ್ನ್ ಅವರ ದಿನಚರಿ, ಪತ್ರಗಳನ್ನು ಎಲ್ಲರೂ ಓದಬಲ್ಲ ಅಕ್ಷರಕ್ಕೆ ಇಳಿಸುತ್ತಾರೆ. ದಿನಕ್ಕೆ ಎರಡು ಪುಟ. ಭಾನುವಾರ ಮಾತ್ರ ಬಿಡುವು. ಈವರೆಗೆ ಹದಿನೈದು ಸಾವಿರ ಪುಟ ಮುಗಿದಿದೆ. ಸಂಬಳವಿಲ್ಲ.

"ಆ ಮನುಷ್ಯನ ಅಕ್ಷರ ಕೋಳಿ ಕೆದರಿದ ಹಾಗಿದೆ. ನಮ್ಮನೆಯೋರು ಇದ್ದಾಗ ರೇಗಿಸ್ತಿದ್ರು, ನಿಂಗೆ ನನಗಿಂತ ಆ ಸತ್ತೋರ ಜೊತೆನೇ ಸಂಸಾರ ಜಾಸ್ತಿ ಅಂತ," ಎಂದು ನಗುತ್ತಾರೆ.

ಕಣಿವೆಯಲ್ಲಿ ಇಪ್ಪತ್ತೆರಡು ಶಾಲೆ ಕಟ್ಟಿಸಿದ ಥಾರ್ನ್, ತಾವು ಮಾತ್ರ ಬಾಲ್ಯದಲ್ಲಿ ಹನ್ನೊಂದೇ ದಿನ ಶಾಲೆ ಕಂಡವರು. ಮಿಕ್ಕಿದ್ದನ್ನೆಲ್ಲ ದೇವರೇ ಕಲಿಸಿದ ಎಂಬುದು ಊರಿನ ನಂಬಿಕೆ. ಮೊದಲು ಬಂದು ನೆಲೆಸಿದವರನ್ನು ನೆನೆಯುವ, ಪ್ರತಿ ಜುಲೈನ ಹಿರೀಕರ ದಿನದ ಮೆರವಣಿಗೆ ಮುಗಿದ ಮೇಲೆ ಅವರ ಮರಿಮಗಳು, ಎಂಬತ್ತೆಂಟರ ಅರ್ವಿಲಾ ಥಾರ್ನ್, ವೇದಿಕೆಯಿಂದ ಈ ಕಥೆ ಹೇಳುತ್ತಾರೆ. ಜನ ಕಣ್ಣೊರೆಸಿಕೊಳ್ಳುತ್ತಾರೆ.

ಶಾಲೆಯನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುವುದೋ ಬೇಡವೋ ಎಂಬುದನ್ನು ಊರಿನ ಮಂಡಳಿ ಈ ದಿನವೇ, ಗುರುವಾರ ಸಂಜೆ, ನಿರ್ಧರಿಸಲಿದೆ. ಥಾರ್ನ್ ಸ್ವತಃ ಇಲ್ಲಿ ಕಲಿತದ್ದಕ್ಕೆ ಪುರಾವೆ ಸಿಕ್ಕರೆ ಮಾತ್ರ ಕಟ್ಟಡ ಉಳಿಯುತ್ತದೆ ಎಂದಿದ್ದಾರೆ ಮೇಯರ್ ಡೆಲ್ಮಾರ್ ಬೀಸ್ಲಿ. ವರ್ಡಾ ಬಳಿ ಇದ್ದದ್ದು ಥಾರ್ನ್ ಮನೆತನದ ಪೆಟ್ಟಿಗೆಯಲ್ಲಿ ಬಂದ, ಅಕ್ಷರ ತಿದ್ದುವ ಒಂದು ಕಾಪಿ ಪುಸ್ತಕ. ಅದರ ಮೊದಲ ಹಾಳೆಯನ್ನು ಯಾರೋ ಹರಿದಿದ್ದರು.

ಬಾಟಲಿಯ ಹಾಳೆ ಆ ಹರುಕಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಳ್ಳುತ್ತದೆ. ಮೇಲೆ 'ಕಲ್ಲಿನ ಶಾಲೆ, ಚಳಿಗಾಲದ ತರಗತಿ' ಎಂದಿದೆ. ಕೆಳಗೆ, ಆಗ ನಲವತ್ತನಾಲ್ಕು ವರ್ಷದ ಥಾರ್ನ್ ಮಗುವಿನಂತೆ ಒಂದೇ ಸಾಲನ್ನು ಏಳು ಸಲ ತಿದ್ದಿದ್ದಾರೆ. ಅಂಚಿನಲ್ಲಿ ಕಲಿಸಿದವಳ ಕೈಬರಹ: 'ಇನ್ನೊಮ್ಮೆ ಬರೆಯಿರಿ, ಬ್ರದರ್ ಥಾರ್ನ್. — ಟಬಿತಾ ಪಿಲ್ಲಿಂಗ್.' ಪಂಥದ ವಲಸಿಗರ ಜೊತೆ ಕೈಗಾಡಿ ಎಳೆದುಕೊಂಡು ಬಯಲು ದಾಟಿ ಬಂದ ಹತ್ತೊಂಬತ್ತರ ಹುಡುಗಿ ಆಕೆ.

ಈ ಕಣಿವೆಯ ಹೆಂಗಸರು ಪೀಚ್ ಹಣ್ಣನ್ನು ಬಾಟಲಿಗೆ ತುಂಬಿದರೆ ಮುಚ್ಚಳದ ಮೇಲೆ ವರ್ಷ ಬರೆಯದೆ ಬಿಡುವುದಿಲ್ಲ. ಈ ಮುಚ್ಚಳದ ಮೇಲೂ ಇದೆ. ಗಂಡ ತೀರಿಕೊಂಡ ವಾರ ಇದೇ ಕೈಬರಹದ ಹನ್ನೆರಡು ಬಾಟಲಿ ವರ್ಡಾ ಅವರ ಅಡುಗೆಮನೆಗೆ ಬಂದಿದ್ದವು. ಅವರು ಒಲೆಯ ಬೂದಿಯಿಂದ ಮುಚ್ಚಳದ ಬರಹ ಹೋಗುವ ತನಕ ತಿಕ್ಕಿ ತೊಳೆಯುತ್ತಾರೆ.

"ತಂದು ಕೊಟ್ಟೋರ್ನ ಹಿಡ್ಕೊಡೋದು ನನ್ ಕೆಲ್ಸ ಅಲ್ಲ."

ಸಂಜೆ ಸಭೆಯಲ್ಲಿ ಮೇಯರ್ ಹಾಳೆಯನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಇದು ಎಲ್ಲಿತ್ತು, ಹರಿದವರು ಯಾರು ಎಂದು ಕೇಳುತ್ತಾರೆ. ವರ್ಡಾ ಕಾಪಿ ಪುಸ್ತಕವನ್ನು ಬಿಡಿಸಿ ಹರುಕನ್ನು ಮಾತ್ರ ತೋರಿಸುತ್ತಾರೆ.

"ಹೆಸರಿಲ್ದೆ ನಂಬೋದು ಹೇಗೆ, ಸಿಸ್ಟರ್? ಇಪ್ಪತ್ತಾರು ವರ್ಷ ಅವರ ಅಕ್ಷರ ನೋಡ್ಕೊಂಡೇ ಕೂತಿದ್ದೀರಿ. ನೀವೇ ಯಾಕೆ ಬರೆದಿರಬಾರ್ದು?"

ಸಭೆ ಗುಸುಗುಟ್ಟುತ್ತದೆ. ವರ್ಡಾ ಅವರ ಕಿವಿ ಕೆಂಪಾಗುತ್ತದೆ. "ನನ್ನನ್ನ ಏನ್ ಬೇಕಾದ್ರೂ ಅನ್ನಿ. ಶಾಲೆ ಉಳಿದ್ರೆ, ಗೋಡೆ ಮೇಲೆ ಆ ಟಬಿತಾ ಹೆಸರೂ ಇರ್ಲಿ. ನಾನ್ ಕೇಳೋದು ಅಷ್ಟೇ."

ಮುಂದಿನ ಸಾಲಿನಲ್ಲಿ ಊರುಗೋಲೊಂದು ನೆಲವನ್ನು ಮೂರು ಸಲ ತಟ್ಟುತ್ತದೆ. ವೃದ್ಧೆಯೊಬ್ಬರು ನಿಧಾನವಾಗಿ ಎದ್ದು ನಿಲ್ಲುತ್ತಾರೆ.

"ಹದಿನೆಂಟು ವರ್ಷ ನಂಗಾಗ. ಮುತ್ತಾತನಿಗೆ ಒಂದು ಹುಡುಗಿ ತಿದ್ದಿಸಿದ್ಲು ಅಂದ್ರೆ ನಾಚಿಕೆ ಆಯ್ತು. ಬರ್ಕೋ ಡೆಲ್ಮಾರ್, ಹರಿದೋಳು ಅರ್ವಿಲಾ ಥಾರ್ನ್."